ನಾರ್ವೆಯ ನೂಮೆಡಾಲ್ ಕಣಿವೆಯಲ್ಲಿ ಸೈಕಲ್ ಪ್ರವಾಸ: ಕೊನೆಯ ದಿನದಿಂದ ಶುರುಮಾಡಿ ಯೋಜನೆ ಹಾಕಿ

ನಾರ್ವೆಗೆ ಸೈಕಲ್ ತಗೊಂಡು ಹೋಗಬೇಕು ಅನ್ನುವವರು ಮೊದಲು ಕೇಳುವುದು ‘ಏರು ಎಷ್ಟಿದೆ?’ ಅಂತ. ಏರು ಇದೆ, ಇಲ್ಲ ಅನ್ನಲ್ಲ. ಆದರೆ ಅಲ್ಲಿ ಪ್ರವಾಸ ಕೆಡುವುದು ಕಾಲು ಸೋತು ಅಲ್ಲ. ಸೈಕಲ್ ಬಿಡದ ಸುರಂಗ, ಜುಲೈ ಬಂದರೂ ಕರಗದ ಹಿಮ, ಭರ್ತಿಯಾದ ರೈಲು, ಭಾನುವಾರ ಬಾಗಿಲು ಹಾಕಿದ ಅಂಗಡಿ: ಕೆಡಿಸುವುದು ಇವು. ಇವೆಲ್ಲ ಮನೆಯಲ್ಲಿ ಕೂತೇ ಗೊತ್ತುಮಾಡಿಕೊಳ್ಳಬಹುದಾದ ವಿಷಯಗಳು. ಹಾಗಾಗಿ ಯೋಜನೆಯನ್ನು ಹಿಂದಿನಿಂದ ಹಾಕಿ. ಕೊನೆಯ ದಿನ ಹೊರಗೆ ಬರುವುದು ಹೇಗೆ ಅನ್ನೋದು ಮೊದಲು, ಮೊದಲ ದಿನ ಎಷ್ಟು ಕಿ.ಮೀ. ಅನ್ನೋದು ಆಮೇಲೆ.

ಇಲ್ಲಿ ಹೇಳುವ ದಾರಿ ಹೀಗಿದೆ. ಓಸ್ಲೊದ ನೈರುತ್ಯಕ್ಕಿರುವ ಕಾಂಗ್ಸ್‌ಬರ್ಗ್ ಊರಿನಿಂದ ಹೊರಟು, ನೂಮೆಡಾಲ್ ಕಣಿವೆಯ ಉದ್ದಕ್ಕೂ ನೂಮೆಡಾಲ್ಸ್‌ಲೋಗನ್ ನದಿಯನ್ನು ಹಿಡಿದು ಉತ್ತರಕ್ಕೆ. ಯೈಲೊ ತನಕ ಸುಮಾರು 170 ಕಿ.ಮೀ. ಅಲ್ಲಿಂದ ಹೌಗಸ್ಟೋಲ್‌ಗೆ ಇಪ್ಪತ್ತು ಚಿಲ್ಲರೆ. ಹೌಗಸ್ಟೋಲ್‌ನಿಂದ ಪ್ರಸಿದ್ಧ ರಾಲರ್‌ವೇಗನ್ ಮಣ್ಣುದಾರಿ ಹಿಡಿದು, ಬೆಟ್ಟದ ನೆತ್ತಿ ದಾಟಿ, ಫ್ಲೋಮ್ ಕಣಿವೆಯಲ್ಲಿ ಸಮುದ್ರಮಟ್ಟಕ್ಕೆ ಇಳಿಯುವುದು. ಅದು ಸುಮಾರು 82 ಕಿ.ಮೀ. ಹೆಚ್ಚಿನವರು ಈ ಕೊನೆಯ ಭಾಗವನ್ನಷ್ಟೇ ಮಾಡಿ ಬರುತ್ತಾರೆ. ನನ್ನ ಪ್ರಕಾರ ನೂಮೆಡಾಲ್ ಸೇರಿಸಿದರೇನೇ ಇದು ಪ್ರವಾಸ. ಕಾಡು, ಹೊಲ, ಎಂಟುನೂರು ವರ್ಷ ಹಳೆಯ ಮರದ ಚರ್ಚು, ಆಮೇಲೆ ಮರವೇ ಇಲ್ಲದ ಬಯಲು, ಕೊನೆಗೆ ಕಡಲು. ಈ ಬದಲಾವಣೆ ನಿಧಾನಕ್ಕೆ ಆಗಬೇಕು.

ಹೆಜ್ಜೆ 1: ಹೊರಗೆ ಬರುವ ದಾರಿ ಗೊತ್ತುಮಾಡಿ

ನಕ್ಷೆಯಲ್ಲಿ ಫ್ಲೋಮ್ ಊರನ್ನು ನೋಡಿ. ಇ16 ಹೆದ್ದಾರಿ ಪಕ್ಕದಲ್ಲೇ ಹೋಗುತ್ತದೆ. ಸುಲಭವಾಗಿ ಮುಂದೆ ಹೋಗಬಹುದು ಅನ್ನಿಸುತ್ತೆ, ಅಲ್ವಾ? ಆಗಲ್ಲ. ಪೂರ್ವಕ್ಕೆ ಲಾರ್ಡಾಲ್ ಸುರಂಗ ಇದೆ, 24.5 ಕಿ.ಮೀ. ಉದ್ದ. ಪಶ್ಚಿಮಕ್ಕೆ 11 ಕಿ.ಮೀ.ಗೂ ಉದ್ದದ ಗುಡ್‌ವಾಂಗ ಸುರಂಗ. ಎರಡರಲ್ಲೂ ಸೈಕಲ್ ಬಿಡುವುದಿಲ್ಲ. ಅಂದರೆ ಫ್ಲೋಮ್‌ನಿಂದ ಆಚೆ ಬರಲು ಮುಖ್ಯವಾಗಿ ಮೂರು ದಾರಿ.

ಒಂದು, ಫ್ಲೋಮ್ ರೈಲು. 1940ರಿಂದ ಓಡುತ್ತಿರುವ, 20 ಕಿ.ಮೀ. ಉದ್ದದ ಈ ಹಳಿ ಮಿರ್ಡಾಲ್ ನಿಲ್ದಾಣಕ್ಕೆ 860 ಮೀಟರ್ ಏರುತ್ತದೆ. ಸೈಕಲ್ ಹಾಕಬಹುದು, ಟಿಕೆಟ್ ಬೇಕು, ಜಾಗ ಕಡಿಮೆ. ಮಿರ್ಡಾಲ್‌ನಲ್ಲಿ ಬರ್ಗೆನ್ ಮಾರ್ಗದ ರೈಲು ಹಿಡಿದು ಓಸ್ಲೊಗೋ ಬರ್ಗೆನ್‌ಗೋ ಹೋಗಬಹುದು. ಎರಡು, ದೋಣಿ. ಬೇಸಿಗೆಯಲ್ಲಿ ಫ್ಲೋಮ್‌ನಿಂದ ಬರ್ಗೆನ್‌ಗೆ ವೇಗದ ದೋಣಿ ಇದೆ. ನೆರೊಯ್ ಫ್ಯೋರ್ಡ್ (ಬೆಟ್ಟಗಳ ನಡುವೆ ಒಳನುಗ್ಗಿದ ಕಡಲಿನ ತೋಳು) ಮೂಲಕ ಗುಡ್‌ವಾಂಗನ್‌ಗೆ ಹೋಗುವ ದೋಣಿಯೂ ಇದೆ. ಆ ಫ್ಯೋರ್ಡ್ 2005ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿ ಸೇರಿದ ಜಾಗ. ಮೂರು, ಪಕ್ಕದ ಊರು ಆವ್‌ರ್‌ಲಾಂಡ್‌ನಿಂದ ಲಾರ್ಡಾಲ್‌ಗೆ ಬೆಟ್ಟದ ಮೇಲೆ ಹೋಗುವ ಹಳೆಯ ರಸ್ತೆ. ಸಮುದ್ರಮಟ್ಟದಿಂದ 1306 ಮೀಟರ್ ಏರಬೇಕು. ಅಷ್ಟು ದಿನ ತುಳಿದ ಮೇಲೂ ಹುಮ್ಮಸ್ಸಿದ್ದರೆ ನಿಮ್ಮಿಷ್ಟ.

ನನ್ನ ಸಲಹೆ ರೈಲು. ಆದರೆ ಬರ್ಗೆನ್ ಮಾರ್ಗದ ದೂರದ ರೈಲುಗಳಲ್ಲಿ ಸೈಕಲ್‌ಗೆ ಬೇರೆಯೇ ಸೀಟು ಕಾದಿರಿಸಬೇಕು. ನಿಮಗೆ ಸೀಟು ಸಿಕ್ಕಿ ಸೈಕಲ್‌ಗೆ ಸಿಗದೇ ಇರುವುದು ಮಾಮೂಲಿ. ಬೇಸಿಗೆಯ ಶನಿವಾರ, ಭಾನುವಾರದ ರೈಲುಗಳಲ್ಲಿ ಈ ಜಾಗ ಬೇಗ ಖಾಲಿಯಾಗುತ್ತೆ. ಹಾಗಾಗಿ ಮೊದಲು ಕಾದಿರಿಸಬೇಕಾದದ್ದು ಮಿರ್ಡಾಲ್‌ನಿಂದ ವಾಪಸ್ ಬರುವ ರೈಲಿನಲ್ಲಿ ಸೈಕಲ್‌ನ ಜಾಗ. ಅದನ್ನು ಮಂಗಳವಾರವೋ ಬುಧವಾರವೋ ಇಟ್ಟುಕೊಳ್ಳಿ. ಉಳಿದ ತಾರೀಖುಗಳೆಲ್ಲ ಅದರಿಂದ ಹಿಂದಕ್ಕೆ ಎಣಿಸಿದರಾಯಿತು. ವಿಮಾನದ ಟಿಕೆಟ್ ಆಮೇಲೆ.

ಹೆಜ್ಜೆ 2: ಹಿಮ ಹೇಳಿದ ತಿಂಗಳು

ನೂಮೆಡಾಲ್ ಭಾಗವನ್ನು ಮೇ ಕೊನೆಯಿಂದ ಸೆಪ್ಟೆಂಬರ್ ತನಕ ಯಾವಾಗ ಬೇಕಾದರೂ ಮಾಡಬಹುದು. ತಡೆಯುವುದು ರಾಲರ್‌ವೇಗನ್. ಅದರ ನೆತ್ತಿ 1343 ಮೀಟರ್. ‘ನಮ್ಮ ನಂದಿ ಬೆಟ್ಟವೇ 1478 ಮೀಟರ್ ಇದೆಯಲ್ಲ’ ಅಂತ ಬೆಂಗಳೂರಿನ ಸೈಕಲ್ ಗುಂಪಿನವರು ನಗಬಹುದು. ನಂದಿಯ ತುದಿಯಲ್ಲಿ ದೊಡ್ಡ ದೊಡ್ಡ ಮರಗಳಿವೆ. ಇಲ್ಲಿ 1100 ಮೀಟರ್ ದಾಟಿದ ಮೇಲೆ ಒಂದು ಮರವೂ ಸಿಗಲ್ಲ. ಬಂಡೆ, ಕೆರೆ, ಹಿಮ, ಗಾಳಿ ಅಷ್ಟೇ. ಮರೆಗೆ ನಿಲ್ಲೋಣ ಅಂದರೆ ಮರೆಯೇ ಇಲ್ಲ.

ಈ ದಾರಿಯಲ್ಲಿ ಸಿಗುವ ಫಿನ್ಸೆ ನಿಲ್ದಾಣದಿಂದ ಹಾಲಿಂಗ್‌ಶೈಡ್ ನಿಲ್ದಾಣದ ತನಕದ ಭಾಗದಲ್ಲಿ ಸಾಮಾನ್ಯವಾಗಿ ಜುಲೈ ಮಧ್ಯದವರೆಗೂ ಹಿಮ ಕೂತಿರುತ್ತದೆ. ಕೆಲವು ವರ್ಷ ಇನ್ನೂ ತಡ. ಸೆಪ್ಟೆಂಬರ್ ಮಧ್ಯ ದಾಟಿದರೆ ಹೊಸ ಹಿಮದ ಭಯ. ಜುಲೈ ಕೊನೆಯ ಮೂರು ವಾರ ನಾರ್ವೆಯವರೆಲ್ಲ ಒಟ್ಟಿಗೆ ರಜೆ ಹಾಕುತ್ತಾರೆ. ಆಗ ಬೆಟ್ಟದ ಮೇಲಿನ ಹಾಸಿಗೆಗಳೆಲ್ಲ ಭರ್ತಿ. ಹಾಗಾಗಿ ಆಗಸ್ಟ್ ಎರಡನೇ, ಮೂರನೇ ವಾರ ಒಳ್ಳೇದು. ಹಿಮ ಸರಿದಿರುತ್ತೆ, ಸೊಳ್ಳೆ ಕಡಿಮೆಯಾಗಿರುತ್ತೆ, ರಾತ್ರಿ ಒಂಬತ್ತರ ಹೊತ್ತಿಗೂ ಬೆಳಕು ಉಳಿದಿರುತ್ತೆ, ಕಾಡಿನಲ್ಲಿ ಬ್ಲೂಬೆರಿ ಹಣ್ಣಾಗಿರುತ್ತೆ. ಹೊರಡುವ ವಾರ ರಾಲರ್‌ವೇಗನ್‌ನ ಸ್ಥಿತಿ ಏನಿದೆ ಅಂತ ಫಿನ್ಸೆಯ ಹೋಟೆಲ್‌ಗೋ ಸೈಕಲ್ ಬಾಡಿಗೆ ಕೊಡುವವರಿಗೋ ಕೇಳಿ. ಹವಾಮಾನಕ್ಕೆ ನಾರ್ವೆಯವರೆಲ್ಲ ನೋಡುವುದು ‘ಯೂರ್’ ಆ್ಯಪ್; ಅಲ್ಲಿನ ಹವಾಮಾನ ಸಂಸ್ಥೆ ಮತ್ತು ಸರ್ಕಾರಿ ಪ್ರಸಾರ ಸಂಸ್ಥೆ ಸೇರಿ ನಡೆಸುವಂಥದ್ದು. ಮಳೆಗಿಂತ ಗಾಳಿಯ ವೇಗ ಮತ್ತು ದಿಕ್ಕು ನೋಡುವುದನ್ನು ರೂಢಿ ಮಾಡಿಕೊಳ್ಳಿ. ಪಶ್ಚಿಮದ ಗಾಳಿ ಜೋರಿದ್ದರೆ ಫಿನ್ಸೆಯಲ್ಲಿ ಒಂದು ದಿನ ಸುಮ್ನೆ ಕೂರುವುದೇ ಬುದ್ಧಿವಂತಿಕೆ. ಹಾಗಾಗಿ ಒಂದು ದಿನ ಕೈಯಲ್ಲಿ ಇರಲೇಬೇಕು.

ಹೆಜ್ಜೆ 3: ಕಾಗದ ಪತ್ರ

ಇದನ್ನು ಬೇಗ ಮುಗಿಸೋಣ. ನಾರ್ವೆ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲ, ಆದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಾದ ಷೆಂಗನ್‌ನಲ್ಲಿ ಇದೆ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಷೆಂಗನ್ ವೀಸಾ ಬೇಕು. ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಬೇಸಿಗೆಗೆ ಹೋಗುವವರು ಏಪ್ರಿಲ್‌ನಲ್ಲೇ ಹಾಕಿಬಿಡಿ. ಕನಿಷ್ಠ 30,000 ಯುರೋ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ವಿಮೆ ಕೊಳ್ಳುವಾಗ ಸೈಕಲ್ ಪ್ರವಾಸಕ್ಕೆ ರಕ್ಷಣೆ ಇದೆಯಾ ಅಂತ ಚಿಕ್ಕ ಅಕ್ಷರಗಳನ್ನೂ ಓದಿ. ಜರ್ಮನಿ, ನೆದರ್‌ಲ್ಯಾಂಡ್ಸ್, ಸ್ವೀಡನ್‌ನಲ್ಲಿ ಕೆಲಸದಲ್ಲಿರುವ ನಮ್ಮವರಿಗೆ ಅಲ್ಲಿನ ವಾಸದ ಪರವಾನಗಿಯೇ ಸಾಕು.

ಹೆಜ್ಜೆ 4: ಸೈಕಲ್ ಯಾವುದು, ಎಲ್ಲಿಂದ

ನೂಮೆಡಾಲ್‌ನಲ್ಲಿ ಟಾರು ರಸ್ತೆ ಜಾಸ್ತಿ. ರಾಲರ್‌ವೇಗನ್ ಜಲ್ಲಿ, ಮರಳು, ಅಲ್ಲಲ್ಲಿ ಮುಷ್ಟಿ ಗಾತ್ರದ ಕಲ್ಲು. ರೋಡ್ ಬೈಕ್ ತರಬೇಡಿ. 40 ಮಿಲಿಮೀಟರ್ ಅಥವಾ ಇನ್ನೂ ಅಗಲದ ಟೈರ್, ಹಗುರ ಗೇರ್, ಡಿಸ್ಕ್ ಬ್ರೇಕ್ ಇರುವ ಹೈಬ್ರಿಡ್, ಗ್ರಾವೆಲ್ (ಜಲ್ಲಿ ದಾರಿಯ ಸೈಕಲ್) ಅಥವಾ ಹಳೆಯ ಎಂಟಿಬಿ (ಮೌಂಟನ್ ಬೈಕ್) ಯಾವುದಾದರೂ ಸರಿ. ಬ್ರೇಕ್ ಪ್ಯಾಡ್ ಹೊಸದು ಹಾಕಿಸಿ, ಇನ್ನೊಂದು ಜೊತೆ ಚೀಲದಲ್ಲಿಡಿ. ಏರಿದ್ದಷ್ಟನ್ನೂ ಕೊನೆಯ ದಿನ ಒಟ್ಟಿಗೆ ಇಳಿಯುತ್ತೀರಿ.

ಸ್ವಂತ ಸೈಕಲ್ ಒಯ್ಯುವುದಾದರೆ ಸೈಕಲ್ ಅಂಗಡಿಯಲ್ಲಿ ಕೇಳಿದರೆ ರಟ್ಟಿನ ಪೆಟ್ಟಿಗೆ ಸಿಗುತ್ತೆ. ಪೆಡಲ್, ಹ್ಯಾಂಡಲ್, ಮುಂದಿನ ಚಕ್ರ ಬಿಚ್ಚಿ, ಹಿಂದಿನ ಡಿರೇಲರ್ (ಗೇರ್ ಬದಲಿಸುವ ಭಾಗ) ಕಳಚಿ ಬಟ್ಟೆಯಲ್ಲಿ ಸುತ್ತಿ ಒಳಗೆ ಕಟ್ಟಿ. ಅದೊಂದು ಬಾಗಿದರೆ ಕಣಿವೆಯಲ್ಲಿ ರಿಪೇರಿ ಸಿಗುವುದು ಕಷ್ಟ. ಅದನ್ನು ಫ್ರೇಮಿಗೆ ಹಿಡಿಸುವ ಡಿರೇಲರ್ ಹ್ಯಾಂಗರ್ ಒಂದು ಹೆಚ್ಚಿಗೆ ಇರಲಿ. ಅಡುಗೆಯ ಗ್ಯಾಸ್ ಡಬ್ಬಿ ವಿಮಾನದಲ್ಲಿ ಬಿಡಲ್ಲ. ಅದನ್ನು ಕಾಂಗ್ಸ್‌ಬರ್ಗ್‌ನಲ್ಲಿ ಕ್ರೀಡಾ ಸಾಮಗ್ರಿಯ ಅಂಗಡಿಯಲ್ಲಿ ಕೊಳ್ಳಿ. ಇ-ಬೈಕ್ ಬ್ಯಾಟರಿಯಂತೂ ಪ್ರಯಾಣಿಕರ ವಿಮಾನದಲ್ಲಿ ಸಾಗುವುದೇ ಇಲ್ಲ.

ಬಾಡಿಗೆ ಸೈಕಲ್ ಬೇಕೆಂದರೆ ಹೌಗಸ್ಟೋಲ್ ಮತ್ತು ಫಿನ್ಸೆಯಲ್ಲಿ ಸಿಗುತ್ತದೆ, ಫ್ಲೋಮ್‌ನಲ್ಲಿ ಬಿಟ್ಟು ಬರಬಹುದು. ಹಾಗೆ ಮಾಡಿದರೆ ವಾಪಸ್ ರೈಲಿನ ಸೈಕಲ್ ಜಾಗದ ತಲೆನೋವೇ ಇಲ್ಲ. ಆದರೆ ನೂಮೆಡಾಲ್ ಭಾಗ ತಪ್ಪಿಹೋಗುತ್ತೆ.

ಹೆಜ್ಜೆ 5: ದಿನಗಳನ್ನು ಹಂಚುವುದು

ಓಸ್ಲೊ ವಿಮಾನ ನಿಲ್ದಾಣದಿಂದಲೇ ಕಾಂಗ್ಸ್‌ಬರ್ಗ್‌ಗೆ ನೇರ ರೈಲು ಇದೆ. ಬಂದ ದಿನ ಅಲ್ಲೇ ಉಳಿದು ಸೈಕಲ್ ಜೋಡಿಸಿ, ನಾಲ್ಕು ಕಿ.ಮೀ. ಓಡಿಸಿ ನೋಡಿ. ಇದು ಬೆಳ್ಳಿ ಗಣಿಯ ಊರು. 1623ರಲ್ಲಿ ಬೆಳ್ಳಿ ಸಿಕ್ಕಿತು, 1958ರ ತನಕ ತೆಗೆದರು. ಗಣಿಯೊಳಗೆ ಪುಟ್ಟ ರೈಲಿನಲ್ಲಿ ಕರೆದುಕೊಂಡು ಹೋಗಿ ತೋರಿಸುತ್ತಾರೆ. ಅರ್ಧ ದಿನ ಇದ್ದರೆ ನೋಡಿ.

ಮೊದಲ ದಿನ ಕಾಂಗ್ಸ್‌ಬರ್ಗ್‌ನಿಂದ ವೆಗ್ಲಿ, ಸುಮಾರು 60 ಕಿ.ಮೀ. ಮುಖ್ಯ ರಸ್ತೆಯ ಸಂಖ್ಯೆ 40. ಲಾರಿ, ಕ್ಯಾರವಾನ್ ಎಲ್ಲ ಅದರಲ್ಲೇ. ಆದರೆ ಹಲವು ಕಡೆ ನದಿಯ ಇನ್ನೊಂದು ದಡದಲ್ಲಿ ಚಿಕ್ಕ ರಸ್ತೆಯೂ ಇದೆ. ಸೈಕಲ್ ಚಿತ್ರದ ಕಂದುಗೆಂಪು ಫಲಕಗಳು ನಿಮ್ಮನ್ನು ಆ ಕಡೆಗೆ ತಿರುಗಿಸುತ್ತವೆ. ಎರಡು ಕಿ.ಮೀ. ಜಾಸ್ತಿಯಾದರೂ ಆ ದಾರಿಯಲ್ಲೇ ಹೋಗಿ. ಏರಿಳಿತ ಸಣ್ಣದು, ಟ್ರಾಫಿಕ್ ಇಲ್ಲವೆಂದರೂ ಸರಿ. ಫ್ಲೆಸ್‌ಬರ್ಗ್ ಮತ್ತು ರೊಲ್ಲಾಗ್‌ನಲ್ಲಿ ಮಧ್ಯಯುಗದ ಮರದ ಚರ್ಚುಗಳಿವೆ. ಫ್ಲೆಸ್‌ಬರ್ಗ್‌ನದನ್ನು 1735ರಲ್ಲಿ ದೊಡ್ಡದು ಮಾಡಿ ಶಿಲುಬೆಯ ಆಕಾರಕ್ಕೆ ತಂದರು. ಹಳೆಯದು ಎಲ್ಲಿ ಮುಗಿದು ಹೊಸದು ಎಲ್ಲಿ ಶುರುವಾಗುತ್ತೆ ಅಂತ ಹುಡುಕುವುದೇ ಒಂದು ಆಟ.

ಎರಡನೇ ದಿನ ವೆಗ್ಲಿಯಿಂದ ರೋಡ್‌ಬರ್ಗ್ ದಾಟಿ ಉವ್ಡಾಲ್ ತನಕ, 50 ಕಿ.ಮೀ. ಆಸುಪಾಸು. ಈ ದಿನವನ್ನು ಬೇಕೆಂದೇ ಚಿಕ್ಕದಾಗಿಸಿ, ಏಕೆಂದರೆ ನೋಡುವುದು ಇಲ್ಲೇ ಜಾಸ್ತಿ. ನಿಮ್ಮ ಪಕ್ಕದಲ್ಲೇ ಹಳೆಯ ನೂಮೆಡಾಲ್ ರೈಲು ಹಳಿ ಓಡುತ್ತದೆ. 1927ರಲ್ಲಿ ಶುರುವಾದ ಈ ಹಳಿಯಲ್ಲಿ ಪ್ರಯಾಣಿಕರ ರೈಲು 1989ರ ಆರಂಭದಲ್ಲಿ ನಿಂತಿತು. ಈಗ ವೆಗ್ಲಿ ಮತ್ತು ರೋಡ್‌ಬರ್ಗ್ ನಡುವೆ ಹಳಿಯ ಮೇಲೆ ಪೆಡಲ್ ತುಳಿದು ಓಡಿಸುವ ಗಾಡಿ ಬಾಡಿಗೆಗೆ ಸಿಗುತ್ತದೆ. ಮಕ್ಕಳಿದ್ದರೆ ಒಳ್ಳೆಯ ಮಜಾ. ರೋಡ್‌ಬರ್ಗ್‌ನಲ್ಲಿ 1928ರಲ್ಲಿ ಕೆಲಸ ಶುರುಮಾಡಿದ ನೋರೆ ಜಲವಿದ್ಯುತ್ ಸ್ಥಾವರ ಇದೆ. ಅದನ್ನು ಕಟ್ಟುವ ಸಾಮಾನು ಸಾಗಿಸಿದ್ದೂ ಇದೇ ಹಳಿ.

ಇನ್ನು ನೋರೆ ಮತ್ತು ಉವ್ಡಾಲ್ ಚರ್ಚುಗಳು. ಎರಡಕ್ಕೂ ಬಳಸಿದ ಮರ ಕಡಿದದ್ದು 1160ರ ದಶಕದ ಕೊನೆಯಲ್ಲಿ ಅಂತ ಮರದ ಉಂಗುರ ಎಣಿಸಿ ಲೆಕ್ಕ ಹಾಕಿದ್ದಾರೆ. ಹೊರಗಿನಿಂದ ನೋಡಿದರೆ ಟಾರು ಬಳಿದ ಕಪ್ಪು ಕಣಜ. ಒಳಗೆ ಕಾಲಿಟ್ಟರೆ ಗೋಡೆ, ಛಾವಣಿ, ಬೆಂಚು ಎಲ್ಲದರ ಮೇಲೂ ಹೂಬಳ್ಳಿಯ ಬಣ್ಣದ ಚಿತ್ರ. ಈ ಚಿತ್ರಗಳು ಹದಿನೇಳನೇ ಶತಮಾನದಿಂದ ಮುಂದೆ ಬಂದವು, ಮರ ಅದಕ್ಕಿಂತ ಐನೂರು ವರ್ಷ ಹಳೆಯದು. ಬಾಗಿಲು ತೆಗೆದಿರುವುದು ಬೇಸಿಗೆಯಲ್ಲಿ, ಅದೂ ಹಗಲಿನ ಕೆಲವು ಗಂಟೆ ಮಾತ್ರ. ಸಮಯ ನೋಡಿಕೊಂಡೇ ಆ ದಿನದ ಹೊರಡುವ ಹೊತ್ತು ಗೊತ್ತುಮಾಡಿ.

ಮೂರನೇ ದಿನ ಉವ್ಡಾಲ್‌ನಿಂದ ಯೈಲೊ. ನಿಜವಾದ ಏರು ಇವತ್ತು. ರೋಡ್‌ಬರ್ಗ್‌ನಿಂದ ಲೆಕ್ಕ ಹಾಕಿದರೆ ವಾಸ್ಟುಲಾನ್ ನೆತ್ತಿಗೆ 700 ಮೀಟರ್ ಹತ್ತಿರ ಏರಬೇಕು. ನೆತ್ತಿ ಸುಮಾರು 1100 ಮೀಟರ್. ಬೆಳಿಗ್ಗೆ ಬೇಗ ಹೊರಟು, ಸಣ್ಣ ಗೇರಿನಲ್ಲಿ ಮಾತಾಡಲು ಆಗುವ ವೇಗದಲ್ಲಿ ತುಳಿಯಿರಿ. ಮೇಲೆ ಹೋದಂತೆ ಮರಗಳು ಕುಳ್ಳಗಾಗುತ್ತವೆ, ಆಮೇಲೆ ಇಲ್ಲವಾಗುತ್ತವೆ. ರಸ್ತೆ ಮಧ್ಯದಲ್ಲಿ ಕುರಿಗಳು ಮಲಗಿರುತ್ತವೆ, ಬೆಲ್ ಹೊಡೆದರೂ ಏಳಲ್ಲ. ದಾಗಲಿಗೆ ಇಳಿದು, ಮತ್ತೆ ಸ್ವಲ್ಪ ಏರಿ ಯೈಲೊ. ಎರಡನೇ ಏರನ್ನು ನಕ್ಷೆಯಲ್ಲಿ ಯಾರೂ ಗಮನಿಸುವುದಿಲ್ಲ. ಸಂಜೆ ಕಾಲು ನೋಯುವುದು ಅಲ್ಲೇ.

ನಾಲ್ಕನೇ ದಿನ ಯೈಲೊದಿಂದ ಹೌಗಸ್ಟೋಲ್ ಮೂಲಕ ಫಿನ್ಸೆ, ಸುಮಾರು 50 ಕಿ.ಮೀ. ಹೌಗಸ್ಟೋಲ್ ತನಕ ವಾಹನಗಳಿರುವ 7ನೇ ಸಂಖ್ಯೆಯ ರಸ್ತೆ. ಇಷ್ಟವಿಲ್ಲದಿದ್ದರೆ ಆ ತುಂಡಿಗೆ ರೈಲು ಹತ್ತಿ, ತಪ್ಪೇನಿಲ್ಲ. ಅಲ್ಲಿಂದ ಮುಂದೆ ಕಾರಿಲ್ಲದ ದಾರಿ. 1909ರಲ್ಲಿ ಪೂರ್ತಿಯಾದ ಬರ್ಗೆನ್ ರೈಲು ಮಾರ್ಗ ಕಟ್ಟುವಾಗ ಕೂಲಿಗಳಿಗೆ, ಸಾಮಾನಿಗೆ ಅಂತ ಮಾಡಿದ ರಸ್ತೆ ಇದು. ಕೈಯಲ್ಲಿ ಜೋಡಿಸಿದ ಕಲ್ಲಿನ ಅಂಚು, ಕಮಾನು ಸೇತುವೆ ಈಗಲೂ ನಿಂತಿವೆ. ಫಿನ್ಸೆಗೆ ಕಾರು ಹೋಗುವ ರಸ್ತೆಯೇ ಇಲ್ಲ. ನಿಲ್ದಾಣ 1222 ಮೀಟರ್ ಎತ್ತರದಲ್ಲಿದೆ. ಎದುರಿಗೆ ಹಾರ್ಡಂಗರ್ ಹಿಮನದಿ. ಇಲ್ಲಿ ಹೋಟೆಲ್ ಇದೆ, ನಾರ್ವೆಯ ಚಾರಣ ಸಂಘದ ದೊಡ್ಡ ತಂಗುಮನೆ ಇದೆ. ಹಾಸಿಗೆ ತಿಂಗಳುಗಳ ಮೊದಲೇ ಹೇಳಿಡಿ. ಸೈಕಲ್‌ನ ರೈಲು ಜಾಗ ಆದ ಮೇಲೆ ಎರಡನೆಯದಾಗಿ ಕಾದಿರಿಸಬೇಕಾದದ್ದು ಇದೇ.

ಐದನೇ ದಿನ ಫಿನ್ಸೆಯಿಂದ ಫ್ಲೋಮ್, 55 ಕಿ.ಮೀ. ದೂರ ನೋಡಿ ಮೋಸ ಹೋಗಬೇಡಿ, ಇಡೀ ದಿನ ಬೇಕು. ಮೊದಲು ನೆತ್ತಿಗೆ ಏರು, ಅಲ್ಲಿ ಹಿಮದ ದಿಬ್ಬ ಉಳಿದಿದ್ದರೆ ಸೈಕಲ್ ತಳ್ಳಿಕೊಂಡೇ ದಾಟಬೇಕು. ಹಾಲಿಂಗ್‌ಶೈಡ್ ಆದ ಮೇಲೆ ಕ್ಲೈವಾಯೆಲ್ ಕಮರಿ. ದಾರಿ ಕಿರಿದು, ಒಂದು ಕಡೆ ಪ್ರಪಾತ. ಇಳಿದು ನಡೆಯಿರಿ. ಮಿರ್ಡಾಲ್ ಹತ್ತಿರ ಬೆಟ್ಟದ ಮುಖದ ಮೇಲೆ 21 ಹಿಮ್ಮುರಿ ತಿರುವುಗಳಿವೆ, ಸಡಿಲ ಜಲ್ಲಿ. ಇಲ್ಲೂ ನಡೆಯಿರಿ. ಬೇರೆಯವರು ಸವಾರಿ ಮಾಡುತ್ತಾ ಇಳಿಯುತ್ತಿದ್ದರೆ ಇಳಿಯಲಿ ಬಿಡಿ. ಬ್ರೇಕ್ ಡಿಸ್ಕ್ ಆರಲು ನಡುನಡುವೆ ನಿಲ್ಲಿ. ಆಗ ತಾನೇ ನಿಲ್ಲಿಸಿದ ಸೈಕಲ್‌ನ ಡಿಸ್ಕ್ ಮುಟ್ಟಬೇಡಿ, ಸುಟ್ಟೀತು. ಕೆಳಗೆ ಕಣಿವೆಗೆ ಬಂದ ಮೇಲೆ ದಾರಿ ಸಲೀಸು, ಜಲಪಾತ ಎಣಿಸುತ್ತಾ ಹೋಗಬಹುದು.

ಹೆಜ್ಜೆ 6: ಮಲಗುವುದು

ನಾರ್ವೆಯಲ್ಲಿ ಕಾಡು, ಬೆಟ್ಟದಲ್ಲಿ ಟೆಂಟ್ ಹಾಕುವ ಹಕ್ಕು ಎಲ್ಲರಿಗೂ ಇದೆ, 1957ರ ಕಾನೂನಿನಲ್ಲೇ ಬರೆದಿದೆ. ನಿಯಮ ಸರಳ: ಮನೆಯಿಂದ ಕನಿಷ್ಠ 150 ಮೀಟರ್ ದೂರ, ಉತ್ತ ಹೊಲ, ಹುಲ್ಲುಗಾವಲಿನಲ್ಲಿ ಬೇಡ, ಒಂದೇ ಜಾಗದಲ್ಲಿ ಎರಡು ರಾತ್ರಿಗಿಂತ ಹೆಚ್ಚು ಬೇಡ. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರ ತನಕ ಕಾಡಿನಲ್ಲಿ, ಕಾಡಿನ ಹತ್ತಿರ ಬೆಂಕಿ ಹಾಕುವಂತಿಲ್ಲ. ನೂಮೆಡಾಲ್ ಉದ್ದಕ್ಕೂ ಕ್ಯಾಂಪಿಂಗ್ ಜಾಗಗಳಿವೆ. ಅಲ್ಲಿ ಟೆಂಟ್ ಬೇಡವೆಂದರೆ ಪುಟ್ಟ ಮರದ ಕೋಣೆ ಸಿಗುತ್ತದೆ. ಹಾಸಿಗೆ ಇರುತ್ತೆ, ಹೊದಿಕೆ ನಿಮ್ಮದು. ಇಬ್ಬರು ಮೂವರು ಹಂಚಿಕೊಂಡರೆ ಹೋಟೆಲ್‌ಗಿಂತ ಎಷ್ಟೋ ಅಗ್ಗ. ಮಳೆ ಬಂದ ದಿನ ಬಟ್ಟೆ ಒಣಗಿಸಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಹೆಜ್ಜೆ 7: ಹೊಟ್ಟೆ

ಸಸ್ಯಾಹಾರಿಗಳು ಹೆದರಬೇಕಿಲ್ಲ, ಆದರೆ ಹೋಟೆಲ್ ನಂಬಬೇಡಿ. ದುಬಾರಿ, ದೂರ ದೂರ. ಅವಲಕ್ಕಿ, ಉಪ್ಪಿಟ್ಟಿನ ಮಿಕ್ಸ್, ಚಟ್ನಿಪುಡಿ ಮನೆಯಿಂದ ಒಯ್ಯಿರಿ. ಬಿಸಿನೀರು, ಹತ್ತು ನಿಮಿಷ, ಊಟ ಮುಗೀತು. ತುಪ್ಪ, ಪೇಡ ಮಾತ್ರ ಬಿಟ್ಟು ಬನ್ನಿ. ಭಾರತದಿಂದ ಹಾಲಿನ ಪದಾರ್ಥ, ಮಾಂಸ ಒಳಗೆ ತರುವಂತಿಲ್ಲ. ಬೆಣ್ಣೆ, ಬ್ರೆಡ್, ಓಟ್ಸ್, ಕಡಲೆಕಾಯಿ ಬೆಣ್ಣೆ, ಕೆಂಪು ಬೇಳೆ ಅಲ್ಲಿನ ಅಂಗಡಿಯಲ್ಲೇ ಸಿಗುತ್ತೆ. ಕಂದುಬಣ್ಣದ ಸಿಹಿ ಚೀಸ್ ಒಂದಿದೆ, ಒಂದು ತುಂಡು ತಿಂದು ನೋಡಿ. ಕೆಲವರಿಗೆ ಹುಚ್ಚು ಹಿಡಿಸುತ್ತೆ, ಕೆಲವರಿಗೆ ಆಗಿಬರಲ್ಲ.

ಭಾನುವಾರ ದೊಡ್ಡ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಶನಿವಾರವೇ ಎರಡು ದಿನದ್ದು ತುಂಬಿಕೊಳ್ಳಿ. ಯೈಲೊ ಬಿಟ್ಟ ಮೇಲೆ ಫ್ಲೋಮ್ ತನಕ ಸರಿಯಾದ ದಿನಸಿ ಅಂಗಡಿ ಇಲ್ಲ ಅಂತಲೇ ಇಟ್ಟುಕೊಳ್ಳಿ. ನೀರು ನಲ್ಲಿಯದೇ ಕುಡಿಯಿರಿ, ಬಾಟಲಿ ಕೊಳ್ಳುವುದು ದಂಡ. ದುಡ್ಡು ಎಲ್ಲ ಕಡೆ ಕಾರ್ಡ್‌ನಲ್ಲೇ.

ಹೆಜ್ಜೆ 8: ಚೀಲದಲ್ಲಿ ಏನಿರಬೇಕು, ರಸ್ತೆಯಲ್ಲಿ ಹೇಗಿರಬೇಕು

ಆಗಸ್ಟ್‌ನಲ್ಲೂ ಫಿನ್ಸೆಯ ರಾತ್ರಿ ಸೊನ್ನೆ ಡಿಗ್ರಿಯ ಹತ್ತಿರ ಬರಬಹುದು. ಉಣ್ಣೆಯ ಒಳಬನಿಯನ್, ನೀರು ನುಗ್ಗದ ಜಾಕೆಟ್ ಮತ್ತು ಪ್ಯಾಂಟು, ಪೂರ್ತಿ ಬೆರಳಿನ ಕೈಗವಸು, ಹೆಲ್ಮೆಟ್ ಒಳಗೆ ಹಾಕುವ ತೆಳು ಟೋಪಿ. ಹತ್ತಿ ಬಟ್ಟೆ ಒದ್ದೆಯಾದರೆ ಒಣಗಲ್ಲ, ಮೈ ತಣ್ಣಗಾಗುತ್ತೆ. ಮಲಗುವಾಗ ಹಾಕುವ ಒಂದು ಜೊತೆ ಬಟ್ಟೆಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಏನೇ ಆದರೂ ಹಗಲು ತೆಗೆಯಬೇಡಿ. ಟ್ಯೂಬ್ ಎರಡು, ಪ್ಯಾಚ್, ಪಂಪು, ಚೈನ್ ಲಿಂಕ್, ಚೈನ್ ಎಣ್ಣೆ. ಹಿಂದೆ ಮುಂದೆ ದೀಪ, ಹೊಳೆಯುವ ಜಾಕೆಟ್. ನಕ್ಷೆ ಫೋನ್‌ಗೆ ಮೊದಲೇ ಇಳಿಸಿಕೊಳ್ಳಿ.

ರಸ್ತೆಗೆ ಅಡ್ಡವಾಗಿ ದನ ದಾಟದಂತೆ ಕಬ್ಬಿಣದ ಸರಳಿನ ಜಾಲರಿ ಹಾಕಿರುತ್ತಾರೆ. ಮಳೆಯಲ್ಲಿ ಅದು ಜಾರುತ್ತೆ. ಹ್ಯಾಂಡಲ್ ನೇರ ಹಿಡಿದು, ಬ್ರೇಕ್ ಒತ್ತದೆ ದಾಟಿ. ಗೇಟು ತೆಗೆದರೆ ಮುಚ್ಚಿ ಹೋಗಿ. ಆಂಬುಲೆನ್ಸ್‌ಗೆ 113, ಪೊಲೀಸರಿಗೆ 112, ಬೆಂಕಿಗೆ 110.

ತಯಾರಿಗೆ ಬೆಂಗಳೂರಿನವರಿಗೆ ನಂದಿಯೇ ಸಾಕು. ಆದರೆ ಖಾಲಿ ಸೈಕಲ್‌ನಲ್ಲಿ ಸಮಯ ನೋಡಿಕೊಂಡು ಏರುವುದಲ್ಲ. ಎರಡೂ ಚೀಲ ತುಂಬಿ, 15 ಕೆ.ಜಿ. ಹೇರಿಕೊಂಡು ಏರಿ. ಶನಿವಾರ ಏರಿ, ಭಾನುವಾರ ಮತ್ತೆ ಏರಿ. ಎರಡನೇ ದಿನ ಮೈ ಏನು ಹೇಳುತ್ತೆ ಅನ್ನೋದೇ ಮುಖ್ಯ. ಇಳಿಯುವಾಗ ಭಾರ ಹೊತ್ತ ಸೈಕಲ್ ಎಷ್ಟು ತಡವಾಗಿ ನಿಲ್ಲುತ್ತೆ ಅನ್ನೋದನ್ನೂ ಅಲ್ಲೇ ಕಲಿಯಿರಿ, ಮಿರ್ಡಾಲ್‌ನ ತಿರುವಿನಲ್ಲಿ ಅಲ್ಲ.